ಓಡಿಬರುವ ಕೋಣಗಳೂ ಕ್ಯಾಮೆರಾದ ಮುನ್ನೆಣಿಕೆಯೂ

ಕರಾವಳಿಯ ಕಂಬಳದಲ್ಲಿ, ಕೆಸರುನೀರು ತುಂಬಿದ ಓಟದ ಕರೆಯ ಕೊನೆಗೆ, ಓಟ ಮುಗಿಯುವ ಮಂಜೊಟ್ಟಿಯ ಬಳಿ ನಿಂತು, ತನ್ನತ್ತಲೇ ಧಾವಿಸಿ ಬರುವ ಕೋಣಗಳ ಜೋಡಿಯನ್ನು ಚಿತ್ರದಲ್ಲಿ ಹಿಡಿಯಲೆಳಸುವ ಛಾಯಾಗ್ರಾಹಕನಿಗೆ ಎದುರಾಗುವ ತೊಡಕು ವೇಗದ್ದೆಂದು ಮೇಲುನೋಟಕ್ಕೆ ತೋರಿದರೂ, ವಿಚಾರಿಸಿ ನೋಡಿದರೆ ಅದು ದೂರದ್ದು; ಚಲನೆಯಿಂದಾಗುವ ಮಸುಕನ್ನು ಸೆಕೆಂಡಿನ ಸಾವಿರದಲ್ಲೊಂದು ಪಾಲು ಮಾತ್ರ ತೆರೆದು ಮುಚ್ಚುವ ಶಟರು ನಿವಾರಿಸಬಲ್ಲುದು, ಆದರೆ ಕ್ಷಣಕ್ಷಣಕ್ಕೂ ಕುಗ್ಗುವ ಅಂತರಕ್ಕೆ ಮಸೂರವನ್ನು ಹೊಂದಿಸುವ ಕಾರ್ಯ ಅದರದ್ದಲ್ಲ.

2020ರಲ್ಲಿ ಐಕಳದ ಕಂಬಳದಲ್ಲಿ ಓಟಗಾರ ಶ್ರೀನಿವಾಸ ಗೌಡರು ಕೋಣಗಳೊಡನೆ 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಕ್ರಮಿಸಿದರು. ಎಂದರೆ ಸೆಕೆಂಡಿಗೆ 10 ಮೀಟರಿಗೂ ಮಿಗಿಲು. 300 ಮಿ.ಮೀ. ಮಸೂರವನ್ನು ಎಫ್ 2.8ರ ರಂಧ್ರದಲ್ಲಿಟ್ಟು 15 ಮೀಟರು ದೂರದ ಕೋಣವನ್ನು ನೋಡಿದರೆ, ಸ್ಪಷ್ಟವಾಗಿ ಮೂಡುವ ವಲಯದ ಆಳ ಸುಮಾರು 40 ಸೆಂಟಿಮೀಟರು. ಕನ್ನಡಿಯುಳ್ಳ ಕ್ಯಾಮೆರಾದಲ್ಲಿ, ಗುಂಡಿಯನ್ನೊತ್ತಿದ ಮೇಲೆ ಒಳಗಿನ ಆ ಕನ್ನಡಿ ಮೇಲೆದ್ದು ಶಟರು ತೆರೆಯಲು ಸೆಕೆಂಡಿನ ಇಪ್ಪತ್ತರಲ್ಲೊಂದು ಪಾಲು ಹಿಡಿದರೂ ಕೋಣವು ಅಷ್ಟರಲ್ಲಿ ಅರ್ಧ ಮೀಟರು ಮುಂದೆ ಬಂದಿರುತ್ತದೆ. ಆದುದರಿಂದ ಒಮ್ಮೆ ಫೋಕಸ್ ಮಾಡಿ ನಿಂತುಬಿಡುವ ಕ್ಯಾಮೆರಾ, ಎಷ್ಟೇ ನಿಖರವಾಗಿರಲಿ, ಕೋಣವು ಇದ್ದ ಸ್ಥಳವನ್ನು ಚಿತ್ರಿಸುತ್ತದೆಯೇ ಹೊರತು ಕೋಣವನ್ನಲ್ಲ.

ಕೆಲವು ಕ್ಯಾಮೆರಾಗಳಲ್ಲಿ ಎಎಫ್-ಸಿ ಎಂದೂ ಕ್ಯಾನನ್‌ನಲ್ಲಿ ಸರ್ವೋ ಎಂದೂ ಕರೆಯಿಸಿಕೊಳ್ಳುವ ನಿರಂತರ ಫೋಕಸ್ಸಿನ ವಿಧಾನವು ಈ ಕೊರತೆಯನ್ನು ತುಂಬಲೆಂದೇ ಹುಟ್ಟಿತು. ಮಸೂರದ ಎರಡು ಪಾರ್ಶ್ವಗಳಿಂದ ಬಂದ ಬೆಳಕನ್ನು ಪ್ರತ್ಯೇಕಿಸಿ ಹೋಲಿಸಿದಾಗ, ಅವೆರಡರ ನಡುವಣ ವ್ಯತ್ಯಾಸದಿಂದ ಮಸೂರವು ಯಾವ ದಿಕ್ಕಿಗೆ, ಎಷ್ಟು ಸರಿಯಬೇಕೆಂಬುದು ತಿಳಿಯುತ್ತದೆ. 1985ರ ಮಿನೋಲ್ಟಾ 7000 ಕ್ಯಾಮೆರಾದಿಂದ ಸ್ವಯಂಚಾಲಿತ ಫೋಕಸ್ ಜನಬಳಕೆಗೆ ಬಂದಿತು; 1988ರ ನಿಕಾನ್ ಎಫ್4 ಮೊದಲಾದವುಗಳಲ್ಲಿ, ಇಂತಹ ಅಳತೆಗಳನ್ನು ಒಂದರ ಹಿಂದೊಂದು ತೆಗೆದು, ಶಟರು ತೆರೆಯುವ ಹೊತ್ತಿಗೆ ವಸ್ತುವು ಎಲ್ಲಿರುವುದೆಂದು ಮುನ್ನೆಣಿಸುವ ಜಾಣ್ಮೆಯೂ ಸೇರಿತು. ಕೋಣವು ಸಮವೇಗದಲ್ಲಿ ಬಂದರೂ ಮಸೂರದ ವೇಗ ಸಮವಾಗಿರಲಾರದೆಂಬುದು ಇಲ್ಲಿ ಗಮನಾರ್ಹ: ದೂರ ಅರ್ಧವಾದಾಗ ಮಸೂರವು ಸರಿಯಬೇಕಾದ ವೇಗ ಸುಮಾರು ನಾಲ್ಮಡಿಯಾಗುತ್ತದೆ. ಕೊನೆಯ ಕೆಲವು ಮೀಟರುಗಳಲ್ಲಿ ಉತ್ತಮ ಕ್ಯಾಮೆರಾಗಳೂ ಸೋಲುವುದಕ್ಕೆ ಇದೇ ಕಾರಣ. ಎದುರಿಗೆ ಬರುವುದಕ್ಕಿಂತ ಅಡ್ಡಲಾಗಿ ಓಡುವುದನ್ನು ಚಿತ್ರದಲ್ಲಿ ಹಿಡಿಯುವುದು ಸುಲಭವೆನ್ನಿಸುವುದೂ ಇದರಿಂದಲೇ.

ಮುನ್ನೆಣಿಕೆಗೆ ಹಿಂದಣ ಅಳತೆಗಳೇ ಆಧಾರವಾದ ಕಾರಣ, ಕೋಣಗಳು ದೂರದಲ್ಲಿರುವಾಗಲೇ ಗುಂಡಿಯನ್ನು ಅರೆ ಒತ್ತಿ, ಆಯ್ದ ಬಿಂದುವನ್ನು ಕೋಣದ ಮುಖದ ಮೇಲಿಂದ ಜಾರಗೊಡದೆ ಹಿಂಬಾಲಿಸತಕ್ಕದ್ದು. ಕೊನೆಯ ಗಳಿಗೆಯಲ್ಲಿ ತಟಕ್ಕನೆ ಒತ್ತುವವನು ಯಂತ್ರಕ್ಕೆ ಲೆಕ್ಕ ಹಾಕುವ ಅವಕಾಶವನ್ನೇ ಕೊಡುವುದಿಲ್ಲ. ಇನ್ನು ಕಂಬಳದಲ್ಲಿ ಚಿಮ್ಮುವ ನೀರಿನ ಉಪಟಳ ಬೇರೆ: ಹನಿಗಳ ತೆರೆಯು ಅಡ್ಡಬಂದೊಡನೆ ಫೋಕಸ್ ಅದಕ್ಕೆ ಹಾರದಿರಲು, ನಡುವೆ ಬಂದುದಕ್ಕೆ ತಡವಾಗಿ ಪ್ರತಿಕ್ರಿಯಿಸುವಂತೆ ಕ್ಯಾಮೆರಾವನ್ನು ಅಳವಡಿಸಿಕೊಳ್ಳುವ ಸೌಕರ್ಯವುಂಟು. ಹೊಸ ಕ್ಯಾಮೆರಾಗಳು ಪ್ರಾಣಿಗಳನ್ನು ತಾವೇ ಗುರುತಿಸಬಲ್ಲವೆಂಬುದು ನಿಜವಾದರೂ, ಕೆಸರು ಮೆತ್ತಿದ ಮುಖದ ವಿಷಯದಲ್ಲಿ ಆ ಭರವಸೆಯನ್ನು ನಾನು ಅತಿಯಾಗಿ ನೆಚ್ಚಲಾರೆ.

ಕನೆಹಲಗೆಯ ಸ್ಪರ್ಧೆಯಲ್ಲಿ ಮಾತ್ರ ಈ ಸಾಹಸವೆಲ್ಲ ಅನಾವಶ್ಯಕ. ನೀರು ಚಿಮ್ಮಿ ಮುಟ್ಟಬೇಕಾದ ನಿಶಾನೆಯ ಬಟ್ಟೆ ಮೊದಲೇ ಗೊತ್ತಾದ ಎಡೆಯಲ್ಲಿ ಕಟ್ಟಿರುವುದರಿಂದ, ಅದರ ನೇರಕ್ಕೆ ಕೈಯಿಂದಲೇ ಫೋಕಸ್ ಮಾಡಿ, ನಿರಂತರ ವಿಧಾನವನ್ನು ನಿಲ್ಲಿಸಿ, ಕೋಣಗಳು ಅಲ್ಲಿಗೆ ಬರುವ ತನಕ ಕಾದರಾಯಿತು.