ಹಿಮ ಬೀಳದ ಚಳಿಗಾಲ

ಮರುಭೂಮಿಯ ನಡುವೆ ಮಹಾನಗರಗಳೂ ಹಸುರು ಹೊಲಗಳೂ ಬಾಳುವುದೆಂತು? ಅಮೆರಿಕದ ನೈಋತ್ಯ ಭಾಗದಲ್ಲಿ ಇದಕ್ಕೆ ಮುಖ್ಯ ಆಧಾರ ಕೊಲೊರಾಡೊ ನದಿ. ಚಳಿಗಾಲದಲ್ಲಿ ರಾಕಿ ಪರ್ವತಗಳ ಮೇಲೆ ಬಿದ್ದ ಹಿಮವು ವಸಂತದಲ್ಲಿ ಕರಗಿ ಈ ನದಿಯನ್ನು ತುಂಬುತ್ತದೆ. ಸುಮಾರು 4 ಕೋಟಿ ಜನರು ಇದರ ನೀರನ್ನು ಬಳಸುತ್ತಾರೆ.

ಹಿಮ ಕಡಿಮೆಯಾಗುವುದಕ್ಕೆ ಒಂದು ಕಾರಣವನ್ನು ದೂರದ ಶಾಂತಸಾಗರದಲ್ಲಿ ಹುಡುಕಬೇಕು. ಸಮಭಾಜಕ ವೃತ್ತದ ಬಳಿ ಅದರ ಮಧ್ಯ ಮತ್ತು ಪೂರ್ವ ಭಾಗಗಳ ಮೇಲ್ನೀರು ವಾಡಿಕೆಗಿಂತ ತಂಪಾಗುವುದುಂಟು. ‘ಲಾ ನಿನಾ’ ಎಂಬ ಈ ಸ್ಥಿತಿಯಲ್ಲಿ ಚಳಿಗಾಲದ ಬಿರುಗಾಳಿಗಳ ಹಾದಿ ಸಾಮಾನ್ಯವಾಗಿ ಉತ್ತರಕ್ಕೆ ಸರಿಯುತ್ತದೆ. ದಕ್ಷಿಣದ ನಾಡು ಒಣಗುತ್ತದೆ. ಇದರೊಡನೆ ಭೂಮಿಯ ಉಷ್ಣತೆಯೂ ಏರುತ್ತಿದೆ. ಬಿದ್ದಷ್ಟು ಹಿಮದ ನೀರಿನಲ್ಲಿಯೂ ಒಂದು ಪಾಲನ್ನು, ಅದು ನದಿಯನ್ನು ಸೇರುವ ಮೊದಲೇ, ಒಣಗಿದ ಮಣ್ಣೂ ಬಿಸಿಗಾಳಿಯೂ ಹೀರಿಬಿಡುತ್ತವೆ.

ಮರಗಳ ವಾರ್ಷಿಕ ಉಂಗುರಗಳನ್ನು ಅಳೆದು ವಿಜ್ಞಾನಿಗಳು ಹಿಂದಿನ ಬರಗಳ ಚರಿತ್ರೆಯನ್ನು ಅರಿತಿದ್ದಾರೆ. ತೇವದ ವರ್ಷದಲ್ಲಿ ಉಂಗುರ ಅಗಲ. ಬರದ ವರ್ಷದಲ್ಲಿ ಕಿರಿದು. ಆ ಲೆಕ್ಕದಂತೆ 2000ದಿಂದ 2021ರವರೆಗಿನ 22 ವರ್ಷಗಳಷ್ಟು ಶುಷ್ಕವಾದ ಅವಧಿಯನ್ನು ಈ ಪ್ರದೇಶವು ಕಳೆದ 1,200 ವರ್ಷಗಳಲ್ಲಿ ಕಂಡಿರಲಿಲ್ಲ.

1922ರಲ್ಲಿ ಈ ನದಿಯ ನೀರನ್ನು ಹಂಚುವ ಒಪ್ಪಂದ ಏರ್ಪಟ್ಟಾಗ ಲೆಕ್ಕಕ್ಕೆ ಹಿಡಿದುದು ನೀರು ಧಾರಾಳವಾಗಿದ್ದ ವರ್ಷಗಳನ್ನು. ಆ ಹಂಚಿಕೆಯನ್ನು ಇಂದಿನ ನದಿಗೆ ತಕ್ಕಂತೆ ತಿದ್ದುವುದೇ ಅಲ್ಲಿನ ಜನರ ಮುಂದಿರುವ ದೊಡ್ಡ ಸಮಸ್ಯೆ.