ಬೀಗ ಹಾಕಿದ ಕಂಪ್ಯೂಟರ್‌ನ ಬೀಗದ ಕೈ ಯಾರ ಬಳಿ ಇರಬೇಕು?

ಅಪ್‌ಡೇಟ್ ನಡೆಯುತ್ತಿರುವಾಗಲೇ ಕರೆಂಟ್ ಹೋದರೆ ಮಾಮೂಲಿ ಲಿನಕ್ಸ್ ಕಂಪ್ಯೂಟರ್ ಅರ್ಧ ಹಳೆಯದು, ಅರ್ಧ ಹೊಸದಾಗಿ ಉಳಿದುಬಿಡಬಹುದು. ಓಡುತ್ತಿರುವ ವ್ಯವಸ್ಥೆಯೊಳಗೇ ಫೈಲುಗಳನ್ನು ಒಂದೊಂದಾಗಿ ಬದಲಿಸುವ ಪದ್ಧತಿಯ ದೋಷ ಅದು. 2018ರಲ್ಲಿ ಬಂದ ಫೆಡೋರಾ ಸಿಲ್ವರ್‌ಬ್ಲೂ ಬೇರೆ ದಾರಿ ಹಿಡಿಯಿತು. ಅದರಲ್ಲಿ ಹೊಸ ಆವೃತ್ತಿ ಪಕ್ಕದಲ್ಲಿ ಪೂರ್ತಿಯಾಗಿ ಸಿದ್ಧವಾಗುತ್ತದೆ, ರೀಬೂಟ್ ಆದಾಗಷ್ಟೇ ಚಾಲನೆಗೆ ಬರುತ್ತದೆ. ಹೊಸದು ಕೈಕೊಟ್ಟರೆ ಬೂಟ್ ಮೆನುವಿನಲ್ಲಿ ಹಳೆಯದನ್ನು ಆರಿಸಿಕೊಂಡರಾಯಿತು. ವ್ಯವಸ್ಥೆಯ ಮುಖ್ಯ ಭಾಗವನ್ನು ಓದಬಹುದೇ ಹೊರತು ತಿದ್ದುವಂತಿಲ್ಲ. ಆ್ಯಪ್‌ಗಳು ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಅದರಿಂದ ಬೇರೆಯಾಗಿಯೇ ಇರುತ್ತವೆ. ಇಂಥವನ್ನು ಇಮ್ಯೂಟಬಲ್ ವ್ಯವಸ್ಥೆ ಎನ್ನುತ್ತಾರೆ. ಹಲವರು ಹಂಚಿಕೊಂಡು ಬಳಸುವ, ರಿಪೇರಿಗೆ ಪರಿಣತರು ಸಿಗದ ಕಂಪ್ಯೂಟರ್‌ಗಳಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲವೆಂದೇ ನನ್ನ ನಂಬಿಕೆ.

ಹಾಗೆಂದು ಇದು ಎಲ್ಲ ಅಪಾಯಕ್ಕೂ ಮದ್ದಲ್ಲ. ಬಳಕೆದಾರರ ಕಡತಗಳಿರುವ ಹೋಮ್ ಫೋಲ್ಡರ್‌ಗೆ ಈ ಬೀಗ ಅನ್ವಯಿಸುವುದಿಲ್ಲ, ಅಲ್ಲಿ ರ‍್ಯಾನ್ಸಮ್‌ವೇರ್ ನುಗ್ಗಿದರೆ ತಡೆಯುವುದೂ ಇಲ್ಲ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಸಾಮಾನ್ಯ ಅಗತ್ಯಗಳಿಗಷ್ಟೇ ಹೊಂದುವಂತೆ ಕಟ್ಟಿದ ವ್ಯವಸ್ಥೆಯಲ್ಲಿ, ಅಗತ್ಯ ತುಸು ಬೇರೆಯಾದವರು ಪಾಡುಪಡಬೇಕಾಗುತ್ತದೆ. ವಿರಳ ಪ್ರಿಂಟರ್‌ನ ಡ್ರೈವರ್ ಆಗಲಿ, ಕನ್ನಡ ಟೈಪಿಂಗ್‌ಗೆ ಬೇಕಾದ ಐಬಸ್ ಎಂಜಿನ್ ಆಗಲಿ, ಡೆಸ್ಕ್‌ಟಾಪ್‌ನ ಒಳಗೇ ಕೂರಬೇಕಾದ ವಸ್ತುಗಳು. ಮೂಲದಲ್ಲೇ ಅವು ಇಲ್ಲದಿದ್ದರೆ ಸಿಲ್ವರ್‌ಬ್ಲೂನಲ್ಲಿ ಮೇಲಿನಿಂದ ಪದರವಾಗಿ ಸೇರಿಸಬೇಕು, ಸಾಮಾನ್ಯವಾಗಿ ಮತ್ತೆ ರೀಬೂಟ್ ಮಾಡಬೇಕು. 2022ರಲ್ಲಿ ಮಾರುಕಟ್ಟೆಗೆ ಬಂದ ಸ್ಟೀಮ್ ಡೆಕ್ ಎಂಬ ಗೇಮಿಂಗ್ ಯಂತ್ರದಲ್ಲಂತೂ ಒಂದು ಆಜ್ಞೆ ಕೊಟ್ಟು ಬೀಗ ತೆರೆಯಬಹುದಾದರೂ, ಹಾಗೆ ಸೇರಿಸಿದ ಪ್ಯಾಕೇಜುಗಳು ಮುಂದಿನ ಸಿಸ್ಟಂ ಅಪ್‌ಡೇಟ್‌ನಲ್ಲಿ ಅಳಿಸಿಹೋಗುತ್ತವೆ.

ಈ ತೊಡಕು ನಿಜವೇ. ಆದರೆ ಅದಕ್ಕಾಗಿ ಬೀಗವನ್ನೇ ಕಿತ್ತೊಗೆಯಬೇಕೆಂಬ ವಾದವನ್ನು ನಾನು ಒಪ್ಪಲಾರೆ. ನೋಡಬೇಕಾದದ್ದು ಬೀಗದ ಕೈ ಯಾರ ಬಳಿ ಇದೆ ಎಂಬುದನ್ನು. ಕ್ರೋಮ್‌ಬುಕ್‌ನಲ್ಲಿ ಬೀಗ ತೆರೆಯಲೆಂದು ಡೆವಲಪರ್ ಮೋಡ್ ಸೇರಿದರೆ ಯಂತ್ರದಲ್ಲಿರುವ ಮಾಹಿತಿ ಅಳಿಸಿಹೋಗುತ್ತದೆ. ಸಂಸ್ಥೆಯೊಂದು ನಿರ್ವಹಿಸುವ ಯಂತ್ರವಾದರೆ ಆ ಮೋಡನ್ನೇ ನಿರ್ವಾಹಕರು ಮುಚ್ಚಿಬಿಡಬಹುದು. ಫೆಡೋರಾ ಬಳಗದಲ್ಲಿ ಹಾಗಿಲ್ಲ. ಯೂನಿವರ್ಸಲ್ ಬ್ಲೂ ಯೋಜನೆ ತೋರಿಸಿರುವಂತೆ, ಬೇಕಾದ ಡ್ರೈವರ್, ಭಾಷಾ ಸಲಕರಣೆಗಳನ್ನು ಮೊದಲೇ ಸೇರಿಸಿ ತಮ್ಮದೇ ಇಮೇಜ್, ಅಂದರೆ ಇಡೀ ವ್ಯವಸ್ಥೆಯ ಸಿದ್ಧ ಪ್ರತಿ, ಕಟ್ಟಿಕೊಳ್ಳಬಹುದು. ಪ್ರತಿ ಯಂತ್ರದಲ್ಲೂ ಮಾಡಬೇಕಿದ್ದ ಬದಲಾವಣೆಯನ್ನು ಒಮ್ಮೆ ಮಾಡಿ, ಪರೀಕ್ಷಿಸಿ, ನೂರು ಯಂತ್ರಗಳಿಗೆ ಕಳಿಸಬಹುದು. ಇದಕ್ಕೆ ನುರಿತ ಕೈ ಬೇಕು, ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ. ಕನ್ನಡದ ಕೀಲಿಮಣೆ, ಫಾಂಟು, ಕಾಗುಣಿತ ಪರೀಕ್ಷಕಗಳನ್ನೆಲ್ಲ ಒಳಗೊಂಡ ಅಂಥದೊಂದು ಇಮೇಜನ್ನು ಕಟ್ಟಿ ನಿಯಮಿತವಾಗಿ ನವೀಕರಿಸುವುದು ನಮ್ಮ ಮುಕ್ತ ತಂತ್ರಾಂಶ ಬಳಗಗಳು ಕೈಗೆತ್ತಿಕೊಳ್ಳಬೇಕಾದ ಕೆಲಸ.