ಜಲಸಂಧಿ ದಾಟಿ ಬಂದ ಸೈಕಲ್ ಸವಾರ

ಭಟ್ಕಳದ ಪಕ್ಕದ ಮುಟ್ಟಳ್ಳಿಯಿಂದ ಸೈಕಲ್ ಏರಿ ಹೊರಟವರಿಗೆ ದಾರಿಗಳ ಬರವಿಲ್ಲ. ಹೆದ್ದಾರಿ ಹಿಡಿದರೆ ಮುರ್ಡೇಶ್ವರ, ಹೊನ್ನಾವರ, ಕುಮಟಾ. ಬಹುಪಾಲು ದೂರ ಎಡಕ್ಕೆಲ್ಲೋ ಕಡಲು, ಬಲಕ್ಕೆ ಬೆಟ್ಟ. ಏರು ಬೇಕೆಂದವರಿಗೆ ಭಟ್ಕಳದಿಂದ ಸಾಗರದ ಕಡೆಗೆ ಕೋಗಾರ ಘಾಟಿ ಇದೆ, ಹೊನ್ನಾವರದಿಂದ ಗೇರುಸೊಪ್ಪೆ ದಾಟಿ ಮಾವಿನಗುಂಡಿಗೆ ಹತ್ತುವ ದಾರಿ ಇದೆ, ಕುಮಟಾದಿಂದ ಶಿರಸಿಗೆ ದೇವಿಮನೆ ಇದೆ. ಸಮುದ್ರಮಟ್ಟದಿಂದ ಮಲೆನಾಡಿನ ನೆತ್ತಿಯವರೆಗೆ ಒಂದೇ ಬೆಳಿಗ್ಗೆಯಲ್ಲಿ ತುಳಿದು ಹೋಗಬಹುದಾದ ಇಂಥ ನೆಲ ಸೈಕಲ್ ಸ್ಪರ್ಧಿಗಳಿಗೆ ಹೇಳಿ ಮಾಡಿಸಿದ್ದು. 2006–07ರಲ್ಲಿ ಸರ್ಕಾರ ಹೈಸ್ಕೂಲು ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದ ಮೇಲೆ ಸವಾರರಿಗೂ ಕೊರತೆ ಇರಲಿಲ್ಲ. ಆದರೂ ರಾಜ್ಯದ ಸೈಕ್ಲಿಂಗ್ ಎಂದಾಗ ನೆನಪಾಗುವುದು ವಿಜಯಪುರ, ಬಾಗಲಕೋಟೆಗಳ ಬಯಲು. ನಮ್ಮ ಕರಾವಳಿ ಅಲ್ಲ.

ಒಬ್ಬ ಸೈಕ್ಲಿಸ್ಟ್ ರೂಪುಗೊಳ್ಳಲು ಬೆಟ್ಟ, ರಸ್ತೆ, ಗಟ್ಟಿ ಕಾಲುಗಳಷ್ಟೇ ಸಾಲವು ಎಂಬುದಕ್ಕೆ ಇಟಲಿಯ ವಿನ್ಸೆಂಝೊ ನಿಬಾಲಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2022ರಲ್ಲಿ ನಿವೃತ್ತನಾದ ಈತ ಸೈಕಲ್ ಲೋಕದ ಮೂರು ಮಹಾಯಾನಗಳನ್ನೂ, ಅಂದರೆ ಇಟಲಿಯ ಗಿರೋ, ಫ್ರಾನ್ಸಿನ ಟೂರ್, ಸ್ಪೇನಿನ ವುವೆಲ್ಟಾ ಮೂರನ್ನೂ ಗೆದ್ದವನು. ಮೂರು ವಾರ, 21 ಹಂತ, ಸುಮಾರು 3,500 ಕಿಲೋಮೀಟರ್ ಓಡುವ ಸ್ಪರ್ಧೆಗಳಿವು. ಮೂರನ್ನೂ ಗೆದ್ದವರ ಸಾಲಿನಲ್ಲಿ ನಿಬಾಲಿ ಆರನೆಯವನು.

ಹುಟ್ಟಿದ್ದು 1984ರ ನವೆಂಬರ್ 14ರಂದು, ಸಿಸಿಲಿ ದ್ವೀಪದ ಮೆಸ್ಸಿನಾದಲ್ಲಿ. ಒಂದು ಕಡೆ ಕಡಲು, ಬೆನ್ನಿಗೇ ಎದ್ದ ಗುಡ್ಡಗಳು. ನಮ್ಮವರಿಗೆ ಪರಿಚಿತವೆನಿಸುವ ಊರು. ಅಪ್ಪ, ಅಮ್ಮ ವೀಡಿಯೊ ಕ್ಯಾಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಅಪ್ಪನಿಗೆ ಸೈಕಲ್ ಹುಚ್ಚು, ಮಗನಿಗೂ ಅದೇ ಅಂಟಿತು. ಹುಡುಗ ಶಾಲೆಯಲ್ಲಿ ತಂಟೆ ಮಾಡಿದನೆಂದು ಅಪ್ಪ ಸಿಟ್ಟಿನಲ್ಲಿ ಅವನ ಸೈಕಲ್ಲನ್ನೇ ಗರಗಸದಿಂದ ಕೊಯ್ದು ಹಾಕಿದ ಕತೆ ಇಟಲಿಯಲ್ಲಿ ಮನೆಮಾತು.

ಇಟಲಿ ಸೈಕ್ಲಿಂಗಿನ ಬೇರುಗಳಿರುವುದು ದೇಶದ ಬಡಗಣ ಮತ್ತು ನಡುಭಾಗದಲ್ಲಿ, ಲೊಂಬಾರ್ಡಿ, ಪಿಯೆಮೊಂಟೆ, ಟಸ್ಕನಿಯಂಥ ಪ್ರಾಂತಗಳಲ್ಲಿ. ದಿಗ್ಗಜ ಸವಾರರಲ್ಲಿ ಫೌಸ್ಟೊ ಕೊಪ್ಪಿ ಪಿಯೆಮೊಂಟೆಯವನು, ಜಿನೊ ಬಾರ್ತಾಲಿ ಫ್ಲಾರೆನ್ಸಿನ ಕಡೆಯವನು. ತಂಡಗಳು, ಸೈಕಲ್ ಕಾರ್ಖಾನೆಗಳು, ವಾರವಾರವೂ ನಡೆಯುವ ಕಿರಿಯರ ಸ್ಪರ್ಧೆಗಳು ಎಲ್ಲವೂ ಅತ್ತಲೇ. ಸಿಸಿಲಿಯ ಹುಡುಗ ದೊಡ್ಡ ಸ್ಪರ್ಧೆಗೆ ಹೋಗಬೇಕೆಂದರೆ ಮೊದಲು ದೋಣಿಯಲ್ಲಿ ಮೆಸ್ಸಿನಾ ಜಲಸಂಧಿ ದಾಟಬೇಕು, ಆಮೇಲೆ ಇಡೀ ದೇಶದ ಉದ್ದಕ್ಕೂ ಪಯಣಿಸಬೇಕು. ದಣಿದ ಕಾಲಿನಲ್ಲಿ ಮರುದಿನ ಸ್ಪರ್ಧೆ.

ಹದಿನಾರರ ಆಸುಪಾಸಿನಲ್ಲಿ ಅವನು ಮನೆ ಬಿಟ್ಟ. ಟಸ್ಕನಿಯ ಮಾಸ್ಟ್ರೊಮಾರ್ಕೊ ಎಂಬ ಪುಟ್ಟ ಊರಿನ ಹವ್ಯಾಸಿ ತಂಡ ಅವನನ್ನು ಸೇರಿಸಿಕೊಂಡಿತು. ತಂಡ ನಡೆಸುತ್ತಿದ್ದ ಕಾರ್ಲೊ ಫ್ರಾನ್ಸೆಸ್ಕಿಯ ಮನೆಯಲ್ಲೇ ಊಟ, ವಾಸ. ನಿಬಾಲಿಯ ಬದುಕಿನ ತಿರುವು ಇದೇ ಎಂದು ನಾನು ನಂಬುತ್ತೇನೆ. ಮುಂದಿನ ಪದಕಗಳೆಲ್ಲ ಇದರ ಫಲ. ಬೇರೆಯವರ ಮಗನಿಗೆ ಮನೆಯ ಕೋಣೆ ಬಿಟ್ಟುಕೊಟ್ಟು, ಹೊತ್ತು ಹೊತ್ತಿಗೆ ಬಡಿಸಿ, ಭಾನುವಾರ ವ್ಯಾನಿನಲ್ಲಿ ಸ್ಪರ್ಧೆಗೆ ಕರೆದೊಯ್ಯುವ ಒಂದು ಕುಟುಂಬ ಇಲ್ಲದಿದ್ದರೆ ಆ ಹುಡುಗ ಮೆಸ್ಸಿನಾದಲ್ಲೇ ಉಳಿಯುತ್ತಿದ್ದ.

ನಮ್ಮಲ್ಲೂ ವಿಜಯಪುರ, ಬಾಗಲಕೋಟೆಗಳು ಸೈಕಲ್ಲಿಗೆ ಹೆಸರಾದದ್ದು ಹೀಗೆಯೇ. ಅಲ್ಲಿ ಸೈಕ್ಲಿಂಗ್ ಕಲಿಸುವ ಕ್ರೀಡಾ ವಸತಿನಿಲಯಗಳಿವೆ, ಹಳ್ಳಿಯ ಮಕ್ಕಳಿಗೆ ಹಾಸಿಗೆ, ಊಟ, ಕೋಚ್ ಒಂದೇ ಕಡೆ ಸಿಗುತ್ತದೆ. ಅಣ್ಣ ಗೆದ್ದ ದಾರಿಯಲ್ಲಿ ತಮ್ಮ, ತಂಗಿ ಬರುತ್ತಾರೆ. ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಂ ಟ್ರಯಲ್‌ನಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ ಬೆಂಗಳೂರಿನ ನವೀನ್ ಜಾನ್‌ಗಾದರೂ ಸ್ಪರ್ಧೆಯ ಸೈಕಲ್ಲಿನ ರುಚಿ ಹತ್ತಿದ್ದು ಎಂಜಿನಿಯರಿಂಗ್ ಓದಲು ಹೋದ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ. ಭಟ್ಕಳದ ಹುಡುಗನಿಗೋ ಹುಡುಗಿಗೋ ಇವತ್ತು ಈ ಹುಚ್ಚು ಹಿಡಿದರೆ ಘಟ್ಟ ಹತ್ತಿ ಬಯಲುಸೀಮೆಗೇ ಹೋಗಬೇಕು.

ಮಾಸ್ಟ್ರೊಮಾರ್ಕೊದ ಅನ್ನ ಬೇಗ ಫಲ ಕೊಟ್ಟಿತು. 2002ರಲ್ಲಿ ಕಿರಿಯರ ವಿಶ್ವ ಚಾಂಪಿಯನ್‌ಶಿಪ್‌ನ ಟೈಂ ಟ್ರಯಲ್‌ನಲ್ಲಿ ಕಂಚು, 2004ರಲ್ಲಿ 23ರೊಳಗಿನವರ ವಿಭಾಗದಲ್ಲಿ ಮತ್ತೊಂದು ಕಂಚು. 2005ರಲ್ಲಿ ಫಾಸ್ಸಾ ಬೋರ್ತೊಲೊ ತಂಡದಲ್ಲಿ ವೃತ್ತಿಪರನಾದ, ಮರುವರ್ಷ ಲಿಕ್ವಿಗಾಸ್ ಸೇರಿದ. ಆ ಹೊತ್ತಿಗೆ ಇಟಲಿಯ ಸೈಕ್ಲಿಂಗ್ ತಲೆತಗ್ಗಿಸಿ ನಿಂತಿತ್ತು. 1998ರಲ್ಲಿ ಗಿರೋ, ಟೂರ್ ಎರಡನ್ನೂ ಗೆದ್ದ ಮಾರ್ಕೊ ಪಂತಾನಿ 2004ರಲ್ಲಿ ಹೋಟೆಲ್ ಕೋಣೆಯೊಂದರಲ್ಲಿ ಒಂಟಿಯಾಗಿ ಸತ್ತಿದ್ದ; ಉದ್ದೀಪನ ಮದ್ದಿನ ಹಗರಣಗಳು ಒಂದಾದ ಮೇಲೊಂದು ಬರುತ್ತಿದ್ದವು. 2010ರ ಗಿರೋದಲ್ಲಿ ನಿಬಾಲಿಗೆ ಕೊನೇ ಗಳಿಗೆಯಲ್ಲಿ ಜಾಗ ಸಿಕ್ಕಿದ್ದೂ ತಂಡದ ಮತ್ತೊಬ್ಬ ಸವಾರನ ರಕ್ತದ ದಾಖಲೆಯಲ್ಲಿ ಅನುಮಾನ ಕಂಡು ಅವನನ್ನು ಕೈಬಿಟ್ಟಿದ್ದರಿಂದ. ನಿಬಾಲಿ ಮೂರನೆಯವನಾದ, ಅದೇ ವರ್ಷ ವುವೆಲ್ಟಾ ಗೆದ್ದ. ಹದಿನೆಂಟು ವರ್ಷಗಳ ವೃತ್ತಿಯಲ್ಲಿ ಮದ್ದಿನ ಕಾರಣಕ್ಕೆ ಅವನಿಗೆ ಎಂದೂ ಶಿಕ್ಷೆಯಾಗಲಿಲ್ಲ.

ಬೆಟ್ಟ ಹತ್ತುವುದರಲ್ಲಿ ಅವನಿಗಿಂತ ಚುರುಕಾದವರಿದ್ದರು, ಟೈಂ ಟ್ರಯಲ್‌ನಲ್ಲೂ ಇದ್ದರು. ಆದರೆ ಇಳಿಜಾರು, ಮಳೆ, ಹಿಮ, ಕೆಟ್ಟ ರಸ್ತೆ ಎದುರಾದಾಗ ನಿಬಾಲಿಯನ್ನು ಹಿಡಿಯುವವರು ಅಪರೂಪ. 2013ರ ಗಿರೋದಲ್ಲಿ ಹಿಮಪಾತದಿಂದ ಒಂದು ಹಂತವೇ ರದ್ದಾಯಿತು. ಮರುದಿನ ಸುರಿಯುವ ಹಿಮದ ನಡುವೆ ಟ್ರೆ ಚಿಮೆ ಶಿಖರವೇರಿ ಗೆದ್ದು, ಒಟ್ಟು 4 ನಿಮಿಷ 43 ಸೆಕೆಂಡುಗಳ ಅಂತರದಲ್ಲಿ ಗಿರೋ ತನ್ನದಾಗಿಸಿಕೊಂಡ. 2014ರ ಟೂರ್‌ನ ಐದನೇ ಹಂತ ಮಳೆಯಲ್ಲಿ ನೆನೆದ ಕಲ್ಲುಹಾಸಿನ ದಾರಿಗಳಲ್ಲಿತ್ತು. ಹಿಂದಿನ ವರ್ಷದ ವಿಜೇತ ಕ್ರಿಸ್ ಫ್ರೂಮ್ ಆ ದಿನ ಬಿದ್ದು ಸ್ಪರ್ಧೆಯಿಂದಲೇ ಹೊರನಡೆದ. ಮತ್ತೊಬ್ಬ ಪ್ರಬಲ ಸ್ಪರ್ಧಿ ಆಲ್ಬರ್ಟೊ ಕೊಂಟಡೋರ್ ಎರಡೂವರೆ ನಿಮಿಷ ಹಿಂದುಳಿದ. ಕೆಸರು ಮೆತ್ತಿಕೊಂಡು ಮೂರನೆಯವನಾಗಿ ಬಂದ ನಿಬಾಲಿ ಪ್ಯಾರಿಸ್ ತಲುಪುವಷ್ಟರಲ್ಲಿ ನಾಲ್ಕು ಹಂತ ಗೆದ್ದಿದ್ದ, ಎರಡನೆಯವನಿಗಿಂತ 7 ನಿಮಿಷ 37 ಸೆಕೆಂಡು ಮುಂದಿದ್ದ. ಪಂತಾನಿಯ ನಂತರ ಟೂರ್ ಗೆದ್ದ ಮೊದಲ ಇಟಾಲಿಯನ್. ಫ್ರೂಮ್, ಮುಂದೆ ಇನ್ನೊಂದು ಹಂತದಲ್ಲಿ ಕೊಂಟಡೋರ್ ಬಿದ್ದದ್ದರಿಂದ ಗೆದ್ದ ಎನ್ನುವವರು ಇವತ್ತಿಗೂ ಇದ್ದಾರೆ. ನಾನು ಒಪ್ಪುವುದಿಲ್ಲ. ಒದ್ದೆ ಕಲ್ಲಿನ ಮೇಲೆ ಬೀಳದೆ ವೇಗವಾಗಿ ಹೋಗುವುದು ಕೂಡ ಆ ಆಟದ ವಿದ್ಯೆಯೇ.

2016ರ ಗಿರೋದಲ್ಲಿ ಕೊನೆಗೆ ಮೂರೇ ಹಂತ ಉಳಿದಾಗ ಅವನು ನಾಲ್ಕನೇ ಸ್ಥಾನದಲ್ಲಿದ್ದ. ಮುಂದಾಳುವಿಗೂ ಅವನಿಗೂ ಅಂತರ ಮತ್ತೆ ಅದೇ 4 ನಿಮಿಷ 43 ಸೆಕೆಂಡು. 2,744 ಮೀಟರ್ ಎತ್ತರದ ಆಗ್ನೆಲ್ಲೊ ಕಣಿವೆಮಾರ್ಗದ ಇಳಿಜಾರಿನಲ್ಲಿ ನಿಬಾಲಿಯ ಬೆನ್ನಟ್ಟಿದ ಮುಂದಾಳು ಸ್ಟೀವನ್ ಕ್ರೌಸ್‌ವೈಕ್ ರಸ್ತೆಬದಿಯ ಹಿಮದ ಗೋಡೆಗೆ ಬಡಿದು ಪಲ್ಟಿಯಾದ. ಆ ಹಂತ ಗೆದ್ದ ನಿಬಾಲಿ ಮುಂದಾಳುವಿನ ಗುಲಾಬಿ ಅಂಗಿ ತೊಟ್ಟಿದ್ದು ಮರುದಿನ. ಗಿರೋ ಗೆದ್ದಿದ್ದು 52 ಸೆಕೆಂಡುಗಳಿಂದ. ಆ ಸ್ಪರ್ಧೆ ನಡೆಯುತ್ತಿದ್ದಾಗಲೇ ಮೆಸ್ಸಿನಾದಲ್ಲಿ ಅವನ ಹೆಸರಿನ ಕಿರಿಯರ ತಂಡದ 14 ವರ್ಷದ ಬಾಲಕನೊಬ್ಬ ತರಬೇತಿಯ ವೇಳೆ ಲಾರಿಗೆ ಸಿಕ್ಕಿ ತೀರಿಹೋಗಿದ್ದ. ಗೆಲುವಿನ ಗೆರೆ ದಾಟಿದ ನಿಬಾಲಿ ಅವನನ್ನು ನೆನೆದು ಅತ್ತ. ನಮ್ಮ ಹೆದ್ದಾರಿಯ ಅಂಚಿನಲ್ಲಿ ಶಾಲೆಗೆ ಸೈಕಲ್ ತುಳಿಯುವ ಮಕ್ಕಳನ್ನು ದಿನವೂ ನೋಡುವವರಿಗೆ ಆ ಅಳು ಅರ್ಥವಾಗುತ್ತದೆ.

ಇಳಿಜಾರು ಅವನಿಗೂ ಕೈಕೊಟ್ಟದ್ದುಂಟು. ಅದೇ ವರ್ಷದ ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್‌ನಲ್ಲಿ ಮುಂಚೂಣಿಯಲ್ಲಿದ್ದಾಗ, ಗುರಿಗೆ ಹತ್ತು ಹನ್ನೆರಡು ಕಿಲೋಮೀಟರ್ ಇರುವಾಗ, ಬಿದ್ದು ಕಾಲರ್ ಬೋನ್ ಮುರಿದುಕೊಂಡ.

ಅವನ ಗೆಲುವುಗಳಲ್ಲಿ ನನಗೆ ಬಲು ಇಷ್ಟವಾದದ್ದು 2018ರ ಮಾರ್ಚ್ 17ರ ಮಿಲಾನ್–ಸಾನ್ ರೆಮೊ. ಸುಮಾರು 300 ಕಿಲೋಮೀಟರ್, ಒಂದೇ ದಿನ. ಕೊನೆಯ ಭಾಗ ನಮ್ಮ ಮರವಂತೆಯ ಹಾಗೆ ಕಡಲಿಗೆ ಅಂಟಿಕೊಂಡ ರಸ್ತೆ, ನಡುನಡುವೆ ಪುಟ್ಟ ಗುಡ್ಡಗಳು. ಕೊನೇ ಗುಡ್ಡವಾದ ಪೊಜ್ಜಿಯೊ ನಾಲ್ಕು ಕಿಲೋಮೀಟರೂ ಇಲ್ಲ. ಅಲ್ಲಿಂದ ಸ್ಪ್ರಿಂಟರುಗಳ ಹಿಂಡನ್ನು ತಪ್ಪಿಸಿಕೊಂಡು ಹೋಗುವುದು ಕಷ್ಟ. ನಿಬಾಲಿ ಅಲ್ಲೇ ಮುನ್ನುಗ್ಗಿದ, ಇಳಿಜಾರಿನಲ್ಲಿ ಅಂತರ ಕಾದುಕೊಂಡ, ಬೆನ್ನಿಗೇ ಬಂದ ಹಿಂಡು ಮುಟ್ಟುವ ಮೊದಲೇ ಗೆರೆ ದಾಟಿದ. ಮೂರು ವಾರದ ಯಾನಗಳಿಗೆಂದೇ ಪಳಗಿದವನು ಸ್ಪ್ರಿಂಟರುಗಳ ಹಬ್ಬವನ್ನು ಕಸಿದುಕೊಂಡ ದಿನ ಅದು.

2022ರ ಗಿರೋದ ಐದನೇ ಹಂತ ಮೇ 11ರಂದು ಮೆಸ್ಸಿನಾದಲ್ಲಿ ಮುಗಿಯಿತು. ವರ್ಷಾಂತ್ಯಕ್ಕೆ ನಿವೃತ್ತನಾಗುವೆನೆಂದು ನಿಬಾಲಿ ಹುಟ್ಟೂರಿನ ಜನರೆದುರು ಹೇಳಿದ. ವಯಸ್ಸು 37. ಆದರೆ ಮಿಕ್ಕ ಹದಿನಾರು ಹಂತಗಳನ್ನು ಬೀಳ್ಕೊಡುಗೆಯ ಮೆರವಣಿಗೆ ಮಾಡಿಕೊಳ್ಳದೆ, ತನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರೊಂದಿಗೆ ಆಲ್ಪ್ಸ್ ಹತ್ತಿ ಆ ಗಿರೋದಲ್ಲಿ ನಾಲ್ಕನೆಯವನಾದ. ಅಕ್ಟೋಬರ್ 8ರಂದು, ತಾನು ಎರಡು ಸಲ ಗೆದ್ದಿದ್ದ ಇಲ್ ಲೊಂಬಾರ್ಡಿಯಾ ಸ್ಪರ್ಧೆಯಲ್ಲಿ, ಕೊನೆಯ ಬಾರಿ ಸ್ಪರ್ಧಿಸಿದ.